ಆ ‘ಇದ್ರೂ’ ಬೇಡ, ತಂಗಿ

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆ ಪಿ.ಜೆ. ಬಡಾವಣೆಯವಳು. ಭಾವಗೀತೆ ಹಾಡುತ್ತೇನೆ. ಆರು ಹಾಡು ರೆಕಾರ್ಡ್ ಮಾಡಿಸಿದ್ದೇನೆ, ಯೂಟ್ಯೂಬಿಗೆ ಹಾಕಬೇಕು. ಕವರ್ ಮಾಡಿಕೊಟ್ಟವರು ನನ್ನ ಮುಖವನ್ನು ಎಷ್ಟು ಬೆಳ್ಳಗೆ ಮಾಡಿದ್ದಾರೆ ಅಂದರೆ ನನ್ನ ತಮ್ಮನೇ ‘ಇದ್ಯಾರು?’ ಅಂದ. ಅಮ್ಮ ಮಾತ್ರ ‘ಚೆನ್ನಾಗಿದೆ, ಇರ್ಲಿ ಬಿಡು’ ಅಂತಾರೆ. ಅಮೆರಿಕದ ಕಪ್ಪು ಹಾಡುಗಾರರು ಕವರ್ ಫೋಟೊಗಾಗಿ ಜಗಳ ಮಾಡಿದ್ದರಂತೆ. ಒಂದು ಫೋಟೊಗೆ ಅಷ್ಟು ಬೆಲೆ ಇದೆಯಾ?

ಉತ್ತರ: ಇದೆ ತಂಗಿ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ಇದೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ’ ಅಂತ ಹೇಳಿ ಹೋಗುತ್ತಾರಲ್ವಾ? ನನ್ನ ಬಗ್ಗೆಯೂ ಹೇಳಿದ್ದರು. ಹೊಗಳಿದೆವು ಅಂತಲೇ ಅವರ ಲೆಕ್ಕ. ಆ ‘ಇದ್ರೂ’ ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಮೆರಿಕದಲ್ಲಿ ಈ ‘ಇದ್ರೂ’ ರೆಕಾರ್ಡಿನ ಕವರ್ ಮೇಲೇ ಕೂತಿತ್ತು. ಎಲ್‌ಪಿ, ಅಂದರೆ ಹಾಡು ತುಂಬಿದ ದೊಡ್ಡ ಗ್ರಾಮಫೋನ್ ತಟ್ಟೆ, ಅದರ ಕವರ್ 12 ಇಂಚು ಅಗಲ, 12 ಇಂಚು ಉದ್ದ, ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಅದು. ಕಪ್ಪು ಮುಖ ಹಾಕಿದರೆ ಬಿಳಿಯರು ಕೊಳ್ಳುವುದಿಲ್ಲ ಅಂತ ಕಂಪನಿಗಳಿಗೆ ಭಯ. ಕಪ್ಪು ಗಾಯಕ ಓಟಿಸ್ ರೆಡ್ಡಿಂಗ್ ಅವರ 1965ರ ‘ಓಟಿಸ್ ಬ್ಲೂ’ ನೋಡಿ, ಅದರ ಮೇಲೆ ಇರುವುದು ಹೊಂಬಣ್ಣದ ಕೂದಲಿನ ಬಿಳಿ ಹೆಂಗಸು. ಮರುವರ್ಷ ಬಂದ, ಕಪ್ಪು ಅಣ್ಣತಮ್ಮಂದಿರ ತಂಡ ಐಸ್ಲಿ ಬ್ರದರ್ಸ್ ಆಲ್ಬಮ್ಮಿನ ಮೇಲೆ ಕಡಲ ದಂಡೆಯ ಬಿಳಿ ಜೋಡಿ. ಕಂಠ ಬೇಕು, ಮುಖ ಬೇಡ.

ಜಗಳ ಮಾಡಿದವರು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್. 1957ರಲ್ಲಿ ಅವರ ‘ಮೈಲ್ಸ್ ಅಹೆಡ್’ ಕವರ್‌ಗೆ ಕಂಪನಿ ಹಾಯಿದೋಣಿಯಲ್ಲಿ ಕೂತ ಬಿಳಿ ಹೆಂಗಸಿನ ಫೋಟೊ ಹಾಕಿತು. ಅವರು ಒಪ್ಪಲಿಲ್ಲ. ಆಮೇಲಿನ ಮುದ್ರಣಗಳಲ್ಲಿ ಅವರದೇ ಫೋಟೊ ಬಂತು. 1961ರ ಆಲ್ಬಮ್ಮಿಗೆ ತಮ್ಮ ಹೆಂಡತಿ, ನೃತ್ಯಗಾರ್ತಿ ಫ್ರಾನ್ಸಿಸ್ ಅವರ ಮುಖವನ್ನೇ ಹಾಕಿಸಿದರು.

ನನ್ನನ್ನು ತುಂಬಾ ಹೊತ್ತು ಹಿಡಿದು ನಿಲ್ಲಿಸುವ ಕವರ್ ಬೇರೆ. 1960ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರೀನ್ಸ್‌ಬರೋ ಊರಿನ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಕೊಡುವ ಕೌಂಟರ್ ಮುಂದೆ ಹೋಗಿ ಕೂತರು, ಊಟ ಕೊಡದಿದ್ದರೂ ಏಳಲಿಲ್ಲ. ಅದೇ ವರ್ಷ ಡ್ರಮ್ ವಾದಕ ಮ್ಯಾಕ್ಸ್ ರೋಚ್ ‘ವಿ ಇನ್ಸಿಸ್ಟ್!’ ಅಂತ ಆಲ್ಬಂ ತಂದರು. ಕವರ್‌ನಲ್ಲಿ ಅಂಥದೇ ಕೌಂಟರ್, ಅಲ್ಲಿ ಕೂತ ಕಪ್ಪು ಗಂಡಸರು ತಿರುಗಿ ನೇರ ನಮ್ಮನ್ನೇ ನೋಡುತ್ತಾರೆ. ಬೇಡಿಕೊಳ್ಳುವ ಕಣ್ಣಲ್ಲ ಅವು. ಹೋಟೆಲಿನಲ್ಲಿ ಬೇರೆ ಲೋಟ ಇಡುತ್ತಿದ್ದದ್ದನ್ನು ಕಂಡವರಿಗೆ ಆ ಫೋಟೊ ಬಿಡಿಸಿ ಹೇಳಬೇಕಿಲ್ಲ.

1968ರಲ್ಲಿ ಗಾಯಕ ಜೇಮ್ಸ್ ಬ್ರೌನ್ ‘ನಾನು ಕಪ್ಪು, ನನಗೆ ಹೆಮ್ಮೆ’ ಅಂತ ಗಟ್ಟಿಯಾಗಿ ಹಾಡಿದರು. 1972ರಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ತಮ್ಮ ಭಕ್ತಿಗೀತೆಗಳ ಆಲ್ಬಮ್ಮಿನ ಮೇಲೆ ಆಫ್ರಿಕಾ ಶೈಲಿಯ ಉಡುಪು ತೊಟ್ಟು ಕೂತರು. ಎಲ್ಲೂ ‘ಇದ್ರೂ’ ಇಲ್ಲ.

ಅಮ್ಮನ ಜತೆ ಜಗಳ ಬೇಡ. ನಿಮ್ಮ ಬಣ್ಣದ ಬಗ್ಗೆ ಜನ ಆಡಿದ್ದನ್ನೆಲ್ಲ ಮೊದಲು ಕೇಳಿಸಿಕೊಂಡವರು ಅವರೇ, ಈಗಲಾದರೂ ಯಾರೂ ಏನೂ ಅನ್ನದಿರಲಿ ಅಂತ ಅವರ ಆಸೆ. ಎಡಿಟ್ ಮಾಡದ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡಿ, ಜತೆಗೆ ನಿಮ್ಮ ಹಾಡು ಹಚ್ಚಿ. ಹೆತ್ತವರಿಗೆ ತಮ್ಮ ಮಗಳ ಗುರುತು ಸಿಗುತ್ತದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಫ್ಲೆಕ್ಸ್, ಕವರ್ ಡಿಸೈನ್ ಮಾಡುತ್ತೇನೆ. ಗಿರಾಕಿಗಳೇ ‘ಸ್ವಲ್ಪ ಬೆಳ್ಳಗೆ ಮಾಡಿ’ ಅಂತಾರೆ. ನಾನೇನು ಮಾಡಲಿ ಮೇಡಂ?

ಉತ್ತರ: ಎಷ್ಟೋ ಸಲ ಗಿರಾಕಿಗೆ ಬೇಜಾರಾಗಿರುವುದು ಬಣ್ಣಕ್ಕಲ್ಲ, ಕೆಟ್ಟ ಬೆಳಕಿಗೆ. ಹಿಂದೆ ಬಿಳಿ ಗೋಡೆ ಇದ್ದರೆ ಕ್ಯಾಮೆರಾ ಆ ಬಿಳುಪಿನ ಲೆಕ್ಕ ಹಿಡಿದು ಮುಖವನ್ನು ಇನ್ನೂ ಮಂಕು ಮಾಡುತ್ತದೆ. ನೇರ ಫ್ಲ್ಯಾಶ್ ಹೊಡೆದರೆ ಮುಖ ಚಪ್ಪಟೆ. ಬ್ಲೂ ನೋಟ್ ಕಂಪನಿಯ ಜಾಝ್ ಕವರ್‌ಗಳನ್ನು ನೋಡಿ. ಅವುಗಳಲ್ಲಿ ಎಷ್ಟೋ ಫೋಟೊ ಫ್ರಾನ್ಸಿಸ್ ವುಲ್ಫ್ ಅವರವು, ನಾಜಿಗಳ ಬರ್ಲಿನ್‌ನಿಂದ ತಪ್ಪಿಸಿಕೊಂಡು ಬಂದ ಯಹೂದಿ. ಹಿಂದೆಲ್ಲ ಕತ್ತಲು, ಒಂದು ಕಡೆಯಿಂದ ಬೆಳಕು, ಕಪ್ಪು ಕೆನ್ನೆಯ ಮೇಲೆ ಬೆವರು ಕೂಡ ಹೊಳೆಯುತ್ತದೆ.

ನಿಮ್ಮೂರಲ್ಲಿ ಇದಕ್ಕೆ ಖರ್ಚೇ ಇಲ್ಲ. ಸಂಜೆ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ, ಬಂಡೆಯ ನೆರಳಲ್ಲಿ ನಿಲ್ಲಿಸಿ, ಬೆಳಕು ಒಂದು ಪಕ್ಕದಿಂದ ಬರಲಿ, ಮೊಬೈಲ್ ಆದರೂ ಸರಿ, ಮುಖದ ಮೇಲೇ ಒತ್ತಿ ಫೋಕಸ್ ಮಾಡಿ. ಪ್ರಿಂಟ್ ಆದಾಗ ಪರದೆಯ ಮೇಲೆ ಕಂಡದ್ದಕ್ಕಿಂತ ಗಾಢವಾಗಿ ಬರುವುದು ನಿಮಗೂ ಗೊತ್ತು, ಹಾಗಾಗಿ ನೆರಳಿನ ಭಾಗವನ್ನಷ್ಟೇ ತುಸು ಎತ್ತಿ, ಚರ್ಮದ ಬಣ್ಣ ಮುಟ್ಟಬೇಡಿ, ಮೊದಲು ಸಣ್ಣದೊಂದು ಪ್ರಿಂಟ್ ಹಾಕಿ ನೋಡಿ. ಗಿರಾಕಿಗೆ ಅದನ್ನೇ ಮೊದಲು ತೋರಿಸಿ. ‘ಬೆಳ್ಳಗೆ ಮಾಡ್ಲಾ?’ ಅಂತ ನೀವಾಗಿ ಕೇಳಬೇಡಿ.