ಶುಕ್ರವಾರದ ದೀಪ ನೀವೊಬ್ಬರೇ ಹಚ್ಚಬೇಡಿ

ನಿಮ್ಮ ಕಾಗದ ಎರಡು ದಿನದಿಂದ ತಲೆಯಲ್ಲೇ ಓಡುತ್ತಿದೆ ತಂಗಿ. ಶಿವಮೊಗ್ಗದವರು, ಬ್ರೂಕ್ಲಿನ್‌ನಲ್ಲಿ ಸಂಸಾರ, ಗಂಡ ಯಹೂದಿ. ಬಾಡಿಗೆದಾರರ ಪರ ಹೋರಾಡುವ ಯಹೂದಿಗಳ ಗುಂಪು ಸೇರಿದ್ದಾರೆ. ಆರು ತಿಂಗಳಿಂದ ಪ್ರತಿ ಶುಕ್ರವಾರ ಸಂಜೆ ಮೀಟಿಂಗ್. ಕೇಳಿದರೆ 'ಹೋರಾಟವೇ ನನ್ನ ಪ್ರಾರ್ಥನೆ' ಅನ್ನುತ್ತಾರೆ. ಅತ್ತೆ 'ದೇವರ ಮಧ್ಯೆ ರಾಜಕೀಯ ತರಬೇಡ' ಅಂತ ಮುನಿಸಿಕೊಂಡಿದ್ದಾರೆ. ಯಾರ ಪರ ನಿಲ್ಲಲಿ ಅಂತ ಕೇಳಿದ್ದೀರಿ.

ಅತ್ತೆಯ ಮಾತು ನಾನು ಒಪ್ಪುವುದಿಲ್ಲ. ಬಡವರನ್ನು ತುಳಿಯುವವರ ಹಬ್ಬ ದೇವರಿಗೆ ಬೇಡ, ನ್ಯಾಯ ನೀರಿನ ಹಾಗೆ ಹರಿಯಲಿ ಅಂತ ಹೇಳಿದ ಪ್ರವಾದಿ ಆಮೋಸ ಯಹೂದಿಗಳವನೇ ಅಲ್ವಾ? 1969ರ ಏಪ್ರಿಲ್ 4ಕ್ಕೆ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, ವಾಷಿಂಗ್ಟನ್‌ನ ಚರ್ಚೊಂದರಲ್ಲಿ ಸುಮಾರು 800 ಜನ ಪಾಸ್ಕ ಹಬ್ಬದ, ಅಂದರೆ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಯಹೂದಿ ಹಬ್ಬದ, ಊಟಕ್ಕೆ ಕೂತಿದ್ದರು. ಕಪ್ಪು ಜನ, ಬಿಳಿಯರು, ಯಹೂದಿಗಳು, ಕ್ರೈಸ್ತರು ಎಲ್ಲ ಒಟ್ಟಿಗೆ. ದೇವರೂ ಹೋರಾಟವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದವು.

ಆದರೆ ಕೊನೆಯಲ್ಲಿ ಒಂದು ಸಾಲು ಬರೆದು ಹಾಗೇ ಮುಂದೆ ಹೋಗಿಬಿಟ್ಟಿದ್ದೀರಿ. 'ಮಗಳು ಕೇಳ್ತಾಳೆ ಅಂತ ಮೇಣದಬತ್ತಿ ನಾನೇ ಹಚ್ತೀನಿ, ಪ್ರಾರ್ಥನೆ ಫೋನಲ್ಲಿ ಹಾಕ್ತೀನಿ.' ನನಗೆ ಅಲ್ಲೇ ಕರುಳು ಚುರುಕ್ ಅಂತು. ಸೂರ್ಯ ಮುಳುಗಲು 18 ನಿಮಿಷ ಇರುವಾಗ ಎರಡು ದೀಪ ಹಚ್ಚಿ, ಅಂಗೈಗಳನ್ನು ದೀಪದ ಮೇಲೆ ಮೂರು ಸಲ ಸುತ್ತಿಸಿ, ಕಣ್ಣು ಮುಚ್ಚಿಕೊಂಡು ಶಬ್ಬಾತ್ ಅನ್ನು, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ಯಹೂದಿಗಳ ಪವಿತ್ರ ವಿಶ್ರಾಂತಿಯ ದಿನವನ್ನು, ಬರಮಾಡಿಕೊಳ್ಳುವುದು ಅವರ ಮನೆತನದ ಪದ್ಧತಿ. ಅದರಲ್ಲಿ ಹುಟ್ಟಿದವರು ಮೀಟಿಂಗ್‌ನಲ್ಲಿ. ಹುಟ್ಟದ ನೀವು ನಾಲ್ಕು ವರ್ಷದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನು ಕಾಯುತ್ತಿದ್ದೀರಿ. ಮನೆಯ ಹೊರೆ ಸುಮ್ನೆ ಯಾರ ತಲೆಗೆ ಬಿತ್ತು ನೋಡಿ ಅಂತ ನಾನು ಯಾವತ್ತೂ ಹೇಳುತ್ತೇನೆ, ಇವತ್ತೂ ಹೇಳುತ್ತೇನೆ.

ಕಾಲುಗಳೇ ಪ್ರಾರ್ಥಿಸಿದ ಹಾಗಿತ್ತು ಎಂದ ಅಮೆರಿಕದ ಯಹೂದಿ ಧರ್ಮಗುರು ರಬ್ಬಿ ಹೆಶೆಲ್ ಅವರ ಮಾತನ್ನು ನಿಮ್ಮ ಗಂಡ ಪದೇ ಪದೇ ಹೇಳುತ್ತಾರಂತೆ. ಹೆಶೆಲ್ ಹಾಗಂದಿದ್ದು ನಿಜ, 1965ರ ಮಾರ್ಚ್ 21ರಂದು ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಕಿಂಗ್ ಜೊತೆ ಮುಂದಿನ ಸಾಲಿನಲ್ಲಿ ನಡೆದದ್ದರ ಬಗ್ಗೆ. ಆದರೆ ಅದು ಭಾನುವಾರ. ಕಿಂಗ್ ಕರೆದದ್ದು ಶುಕ್ರವಾರ. ಹೆಶೆಲ್ ನ್ಯೂಯಾರ್ಕ್‌ನಿಂದ ವಿಮಾನ ಹತ್ತಿದ್ದು ಶನಿವಾರ ರಾತ್ರಿ, ಶಬ್ಬಾತ್ ಮುಗಿದ ಮೇಲೆ. ಅಂಥ ಹೊತ್ತಲ್ಲೂ ಅವರು ದೀಪದ ದಿನ ಬಿಡಲಿಲ್ಲ.

ನನಗೆ ನಿಮ್ಮ ಗಂಡನಿಗಿಂತ ಜಾಸ್ತಿ ಸಿಟ್ಟು ಬಂದದ್ದು ಆ ಗುಂಪಿನ ಮುಂದಾಳಿನ ಮೇಲೆ. ಯಹೂದಿ ಹೋರಾಟಗಾರರ ಗುಂಪು ಅಂತ ಹೆಸರಿಟ್ಟುಕೊಂಡು ವಾರದಲ್ಲಿ ಶುಕ್ರವಾರ ಸಂಜೆಯನ್ನೇ ಹುಡುಕಿದರಲ್ಲ!

ಯಾರ ಪರವೂ ನಿಲ್ಲಬೇಡಿ. ಮೀಟಿಂಗ್ ಗುರುವಾರಕ್ಕೆ ಹಾಕಿಸಿ ಅಂತ ಗಂಡನಿಗೆ ಇವತ್ತೇ ಹೇಳಿ. ಬರುವ ಶುಕ್ರವಾರ ಬೆಂಕಿಪೊಟ್ಟಣ ಅವರ ಕೈಗೆ ಕೊಡಿ. ಫೋನ್ ಒಳಗಿಡಿ. ಮಗಳು ಆ ಪ್ರಾರ್ಥನೆಯನ್ನು ಅಪ್ಪನ ಬಾಯಿಂದ ಕೇಳಲಿ.