ಓಟ ಬರುತ್ತೆ, ನೀರಿಗಿಳಿದರೆ ಉಸಿರು ಕಟ್ಟುತ್ತೆ!

ಓಟದಿಂದ ಟ್ರಯಾಥ್ಲಾನ್ ಕಡೆಗೆ ಹೊರಟವರ ಪ್ರಶ್ನೆಗಳೇ ಈ ಸಲ ಜಾಸ್ತಿ ಬಂದಿವೆ. ಹೆಚ್ಚಿನವರು ತಯಾರಿ ಶುರು ಮಾಡಿ ಕೆಲವೇ ವಾರ ಆದವರು. ಎಲ್ಲರ ಕಣ್ಣೂ ಸ್ಪ್ರಿಂಟ್ ಟ್ರಯಾಥ್ಲಾನ್ ಮೇಲೆ. ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಂದರ ಹಿಂದೆ ಒಂದು. ನಡುವೆ ಗಡಿಯಾರ ನಿಲ್ಲುವುದಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನನಗೆ 36 ವರ್ಷ. ಆರು ವರ್ಷದಿಂದ ಓಡುತ್ತಿದ್ದೇನೆ. 10 ಕಿ.ಮೀ. ಓಟವನ್ನು 50 ನಿಮಿಷದೊಳಗೆ ಮುಗಿಸುತ್ತೇನೆ. ಈಜು ಗೊತ್ತು, ಆದರೆ 25 ಮೀಟರ್ ಫ್ರೀಸ್ಟೈಲ್ ಮುಗಿಸುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ಪಕ್ಕದ ಲೇನ್‌ನಲ್ಲಿ ನನಗಿಂತ ದಪ್ಪ ಇರುವವರು, ವಯಸ್ಸಾದವರು ಆರಾಮಾಗಿ ಹೋಗಿ ಬರುತ್ತಿರುತ್ತಾರೆ. ನನ್ನ ಫಿಟ್‌ನೆಸ್ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ನೀರಿನಲ್ಲಿ ಪೋಲಾಗುತ್ತಿದೆ, ಅಷ್ಟೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡರಷ್ಟು ಮಾಡಲು ಹೋದರೆ ನೀರಿನ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಓಟದಲ್ಲಿ ಜೋರು ಮಾಡಿದರೆ ಬೇಗ ಮುಂದೆ ಹೋಗುತ್ತೀರಿ. ನೀರಿನಲ್ಲಿ ಜೋರು ಮಾಡಿದರೆ ಬೇಗ ಸುಸ್ತಾಗುತ್ತೀರಿ. ಪಕ್ಕದ ಲೇನ್‌ನವರು ನಿಮಗಿಂತ ಗಟ್ಟಿಗರು ಅಂತೇನಲ್ಲ. ಅವರು ನೀರಿನ ಜೊತೆ ಗುದ್ದಾಡುತ್ತಿಲ್ಲ.

ಮೊದಲು ಉಸಿರಿನ ಕಡೆ ಗಮನ ಕೊಡಿ. ಹೊಸಬರು ಮುಖ ನೀರಿಗೆ ಹಾಕಿದ ಕೂಡಲೇ ಉಸಿರು ಬಿಗಿ ಹಿಡಿಯುತ್ತಾರೆ. ಆಮೇಲೆ ತಲೆ ಪಕ್ಕಕ್ಕೆ ತಿರುಗಿಸಿದ ಆ ಒಂದು ಕ್ಷಣದಲ್ಲೇ ಹಳೇ ಗಾಳಿ ಬಿಡಬೇಕು, ಹೊಸದು ಎಳೆಯಬೇಕು. ಎರಡೂ ಅರ್ಧಂಬರ್ಧ ಆಗುತ್ತವೆ. ಗಾಳಿ ಸಾಲುತ್ತಿಲ್ಲ ಅಂತ ನಿಮಗೆ ಅನ್ನಿಸುತ್ತದೆ. ಅಸಲಿಗೆ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ಉಳಿದಿರುತ್ತದೆ. ಆ ಗಾಬರಿ ಹುಟ್ಟುವುದೇ ಅದರಿಂದ. ಆದ್ದರಿಂದ ಮುಖ ನೀರಿನಲ್ಲಿ ಇರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಲೇ ಇರಿ. ಗೋಡೆ ಹಿಡಿದು ನಿಂತು ಇದನ್ನು ಕಲಿಯಿರಿ. ಗುಳ್ಳೆಗಳು ಸಣ್ಣಗೆ, ಒಂದೇ ಸಮ ಬರಬೇಕು. ಬುಳಕ್ ಅಂತ ಒಟ್ಟಿಗೇ ಬಂದವು ಅಂದರೆ ಅಷ್ಟು ಹೊತ್ತು ಉಸಿರು ಹಿಡಿದುಕೊಂಡಿದ್ದಿರಿ ಅಂತ ಲೆಕ್ಕ.

ಆಮೇಲೆ ತಲೆ. ಎದುರು ನೋಡಿಕೊಂಡು ಓಡಿದ ಅಭ್ಯಾಸಕ್ಕೆ ನೀರಿನಲ್ಲೂ ಎದುರೇ ನೋಡುತ್ತೀರಿ. ತಲೆ ಮೇಲೆ ಬಂದರೆ ಸೊಂಟ ಮತ್ತು ಕಾಲು ಕೆಳಗಿಳಿಯುತ್ತವೆ. ಇಡೀ ಮೈ ಓರೆಯಾಗಿ ನೀರಿಗೆ ಅಡ್ಡ ನಿಲ್ಲುತ್ತದೆ. ಪೂಲ್ ತಳದಲ್ಲಿರುವ ಗೆರೆ ನೋಡುತ್ತಾ ಈಜಿ. ಉಸಿರಿಗೆ ತಲೆ ಎತ್ತಬೇಡಿ, ಭುಜದ ಜೊತೆ ಹೊರಳಿಸಿ. ಒಂದು ಗಾಗಲ್ಸ್ ಗಾಜು ನೀರಿನೊಳಗೇ ಇದ್ದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ.

ಇನ್ನು ಕಾಲು. ಇಲ್ಲಿ ಓಟಗಾರರ ಕಥೆಯೇ ಬೇರೆ! ಕಾಲಲ್ಲಿ ಶಕ್ತಿ ಇದೆ ಅಂತ ಜಾಡಿಸಿ ಒದೆಯುತ್ತಾರೆ. ತೊಡೆಯ ದೊಡ್ಡ ಸ್ನಾಯುಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಆದರೆ ಫ್ರೀಸ್ಟೈಲ್‌ನಲ್ಲಿ ಮುಂದೆ ಸಾಗಿಸುವ ಕೆಲಸ ಹೆಚ್ಚಿನಂಶ ಕೈಯದು. ಅದರ ಮೇಲೆ, ವರ್ಷಗಟ್ಟಲೆ ಓಡಿದವರ ಪಾದದ ಕೀಲು ಬಿಗಿಯಾಗಿರುತ್ತದೆ. ಬೆರಳು ಹಿಂದಕ್ಕೆ ಚಾಚುವುದಿಲ್ಲ, ಪಾದ ಕೊಕ್ಕೆಯಂತೆ ಬಾಗಿಯೇ ನಿಲ್ಲುತ್ತದೆ. ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುಹಲಗೆ) ಹಿಡಿದು ಜೋರಾಗಿ ಒದೆಯುತ್ತಾ ಇದ್ದಲ್ಲೇ ಇರುವ ಓಟಗಾರರನ್ನು ನಾನು ನೋಡಿದ್ದೇನೆ. ಕೆಲವರು ನಿಧಾನಕ್ಕೆ ಹಿಂದೆ ಸರಿಯುವುದೂ ಉಂಟು. ಮಂಡಿ ಮಡಚಿ, ಪಾದ ಹಿಂದಕ್ಕೆ ಚಾಚಿ, ಹಿಮ್ಮಡಿಯ ಮೇಲೆ ಕೂರುವುದನ್ನು ದಿನಾ ಸ್ವಲ್ಪ ಹೊತ್ತು ಮಾಡಿ. ನೋವಾಗುವಷ್ಟು ಬೇಡ. ನೀರಿನಲ್ಲಿ ಸೊಂಟದಿಂದ ಸಣ್ಣ ಒದೆತ ಸಾಕು. ಮೀನಖಂಡ ಹಿಡಿದುಕೊಂಡರೆ ನಿಲ್ಲಿಸಿ, ಬೆರಳನ್ನು ಮೇಲಕ್ಕೆ ಎಳೆದು ಸಡಿಲ ಮಾಡಿ.

ಅಭ್ಯಾಸ ಹೀಗಿರಲಿ: 25 ಮೀಟರ್ ನಿಧಾನವಾಗಿ ಈಜಿ, ಗೋಡೆ ಹಿಡಿದು 20 ರಿಂದ 30 ಸೆಕೆಂಡ್ ಸುಧಾರಿಸಿಕೊಳ್ಳಿ. ಇದನ್ನು ಎಂಟು-ಹತ್ತು ಸಲ. ವಾರಗಳು ಕಳೆದಂತೆ ವಿಶ್ರಾಂತಿ ಕಡಿಮೆ ಮಾಡಿ, ಆಮೇಲೆ ದೂರ ಏರಿಸಿ. 25 ಮೀಟರ್ ಪೂಲ್‌ನಲ್ಲಿ 750 ಮೀಟರ್ ಅಂದರೆ 30 ಉದ್ದ. ವಾರಕ್ಕೊಮ್ಮೆ ಒಂದೂವರೆ ಗಂಟೆ ಒದ್ದಾಡುವುದಕ್ಕಿಂತ ಮೂರು ಸಲ ಅರ್ಧರ್ಧ ಗಂಟೆ ಎಷ್ಟೋ ವಾಸಿ. ದುಡ್ಡು ಖರ್ಚು ಮಾಡುವುದಿದ್ದರೆ ಸೈಕಲ್‌ಗಿಂತ ಮೊದಲು ಈಜು ಕಲಿಸುವವರಿಗೆ ಕೊಡಿ. ನಿಮ್ಮ ಕಾಲು ಎಲ್ಲಿ ತೇಲುತ್ತಿದೆ ಅಂತ ನಿಮಗೇ ಕಾಣುವುದಿಲ್ಲವಲ್ಲ!

ಪ್ರಶ್ನೆ: ವಾರಕ್ಕೆ ಐದು ದಿನ, ಒಟ್ಟು 50 ಕಿ.ಮೀ. ಓಡುತ್ತಿದ್ದೆ. ಅದನ್ನು ಹಾಗೇ ಇಟ್ಟುಕೊಂಡು ಎರಡು ದಿನ ಈಜು, ಎರಡು ದಿನ ಸೈಕಲ್ ಸೇರಿಸಿದೆ. ತಿಂಗಳೊಳಗೆ ಮೀನಖಂಡ ನೋವು, ನಿದ್ದೆ ಸರಿ ಇಲ್ಲ, ಸುಮ್ಮಸುಮ್ಮನೆ ಸಿಡುಕು. ಓಟ ಕಡಿಮೆ ಮಾಡಿದರೆ ಇಷ್ಟು ವರ್ಷ ಗಳಿಸಿದ್ದು ಹೋಗುತ್ತೆ ಅಂತ ಭಯ.

ಕಡಿಮೆ ಮಾಡಿ. ಇದರಲ್ಲಿ ಎರಡನೇ ಮಾತಿಲ್ಲ. ನೀವು ಬರೆದಿರುವ ಮೂರೂ ಅತಿಯಾದ ತರಬೇತಿಯ ಲಕ್ಷಣಗಳು. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಮಾಮೂಲಿಗಿಂತ ಏರಿದ್ದು ದಿನಗಟ್ಟಲೆ ಹಾಗೇ ಇದ್ದರೆ ದೇಹ ಸುಧಾರಿಸಿಕೊಂಡಿಲ್ಲ.

ಹೃದಯ, ಶ್ವಾಸಕೋಶಗಳಿಗೆ ನೀವು ಓಡುತ್ತಿದ್ದೀರೋ ಪೆಡಲ್ ತುಳಿಯುತ್ತಿದ್ದೀರೋ ಅನ್ನುವುದು ಅಷ್ಟು ಮುಖ್ಯವಲ್ಲ. ಸೈಕಲ್ ಮೇಲೆ ಕಳೆದ ಒಂದೂವರೆ ಗಂಟೆಯ ಲಾಭ ಅವಕ್ಕೆ ಸಿಕ್ಕೇ ಸಿಗುತ್ತದೆ, ಅದೂ ಮಂಡಿ-ಹಿಮ್ಮಡಿಗೆ ಏಟು ಬೀಳದೆ. ಓಟದ ಕಾಲು ಉಳಿಸಿಕೊಳ್ಳಲು ವಾರಕ್ಕೆ ಮೂರು ಓಟ ಸಾಕು. ಒಂದು ಉದ್ದದ್ದು, ನಿಧಾನವಾಗಿ. ಒಂದು ಚುರುಕಾದದ್ದು. ಇನ್ನೊಂದು, ಸೈಕಲ್ ಇಳಿದ ಕೂಡಲೇ ಮಾಡುವ ಪುಟ್ಟ ಓಟ. ಇದರ ಜೊತೆ ಈಜು ಮೂರು, ಸೈಕಲ್ ಎರಡು. ಒಂದು ದಿನ ಪೂರ್ತಿ ರಜಾ. ಲೆಕ್ಕ ಹಾಕಿದರೆ ಕೆಲವು ದಿನ ಎರಡೆರಡು ಬರುತ್ತವೆ. ಅಂಥ ದಿನ ಒಂದು ಕಷ್ಟದ್ದಾದರೆ ಇನ್ನೊಂದು ಹಗುರವಾಗಿರಲಿ. ಚುರುಕು ಓಟದ ಮಾರನೇ ದಿನಕ್ಕೆ ಈಜು ಚೆನ್ನಾಗಿ ಹೊಂದುತ್ತದೆ.

ನಿಮ್ಮ ಸದ್ಯದ ಮೀನಖಂಡ ನೋವಿಗೆ ಒಂದೆರಡು ವಾರ ಓಟವನ್ನೇ ಬಿಟ್ಟರೂ ನಷ್ಟವಿಲ್ಲ. ಒಂದೇ ಜಾಗದಲ್ಲಿ ಮುಟ್ಟಿದರೆ ಚುಚ್ಚುವ ನೋವಿದ್ದರೆ, ಅದರಲ್ಲೂ ಮೂಳೆಯ ಮೇಲೆ, ವೈದ್ಯರಿಗೆ ತೋರಿಸಿ.

ಇನ್ನೊಂದು ವಿಷಯ. ಅಷ್ಟೇ ಶ್ರಮ ಹಾಕಿದರೂ ಸೈಕಲ್ ಮೇಲೆ ಎದೆಬಡಿತ ಓಟಕ್ಕಿಂತ ಸಾಮಾನ್ಯವಾಗಿ ಐದು-ಹತ್ತು ಕಡಿಮೆ ತೋರಿಸುತ್ತದೆ. ನೀರಿನಲ್ಲಿ ಇನ್ನೂ ಕಡಿಮೆ ಇರಬಹುದು. ವಾಚ್‌ನಲ್ಲಿ ಓಟದ ಅಂಕಿಯನ್ನೇ ಬೆನ್ನಟ್ಟಿ ಹೋದರೆ ಎರಡರಲ್ಲೂ ಮಿತಿಮೀರುತ್ತೀರಿ.

ಪ್ರಶ್ನೆ: ಸ್ನೇಹಿತರ ಹಳೇ ರೋಡ್ ಬೈಕ್ ಎರವಲು ತಂದು ಅಭ್ಯಾಸ ಮಾಡುತ್ತಿದ್ದೇನೆ. ಅರ್ಧ ಗಂಟೆಗೆ ಕೂರುವ ಜಾಗ ಉರಿಯುತ್ತದೆ, ಕೈಬೆರಳು ಜೋಮು ಹಿಡಿಯುತ್ತದೆ, ಮಂಡಿಯ ಮುಂಭಾಗ ನೋಯುತ್ತದೆ. ಹೊಸ ಸೈಕಲ್ ಕೊಳ್ಳಲೇಬೇಕಾ?

ಬೇಡ. ಈ ಸೈಕಲ್ಲನ್ನೇ ನಿಮ್ಮ ಅಳತೆಗೆ ತಂದುಕೊಳ್ಳಿ. ಫ್ರೇಮೇ ನಿಮಗೆ ತೀರಾ ದೊಡ್ಡದು ಅಥವಾ ಚಿಕ್ಕದಾಗಿದ್ದರೆ ಮಾತ್ರ ಬೇರೆ ನೋಡಿ.

ಮಂಡಿಯ ಮುಂದೆ ನೋವು ಅಂದರೆ ನನ್ನ ಮೊದಲ ಅನುಮಾನ ಸೀಟಿನ ಮೇಲೆ. ತಗ್ಗಿರುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು ಪೆಡಲ್ಲನ್ನು ಪೂರ್ತಿ ಕೆಳಗೆ ತನ್ನಿ. ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಸೊಂಟ ಅಲ್ಲಾಡದೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರದ ಹತ್ತಿರದ್ದು. ಒಂದೇ ಸಲ ಜಾಸ್ತಿ ಏರಿಸಬೇಡಿ, ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ. ಮಂಡಿಯ ಹಿಂದೆ ನೋವು ಶುರುವಾದರೆ ಏರಿಸಿದ್ದು ಜಾಸ್ತಿ ಆಯಿತು.

ಎರಡನೇ ಅನುಮಾನ ಗೇರ್. ಓಟಗಾರರಿಗೆ ಭಾರದ ಗೇರ್ ಹಾಕಿ ನಿಧಾನಕ್ಕೆ ಒತ್ತಿ ತುಳಿಯುವ ಚಟ. ತೊಡೆ ಉರಿದರೆ ವ್ಯಾಯಾಮ ಆಯಿತು ಅಂತ ಖುಷಿ! ಅದರ ಬೆಲೆಯನ್ನು ಕೊನೆಯ 5 ಕಿ.ಮೀ.ಯಲ್ಲಿ ತೆರುತ್ತೀರಿ. ಹಗುರ ಗೇರ್ ಹಾಕಿ, ನಿಮಿಷಕ್ಕೆ 80 ರಿಂದ 90 ಸುತ್ತು ತುಳಿಯಿರಿ. ಎಣಿಸುವುದು ಸುಲಭ: ಬಲಮಂಡಿ ಮೇಲೆ ಬಂದಿದ್ದನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಏರು ಬಂದ ಮೇಲೆ ಗೇರ್ ಬದಲಿಸಬೇಡಿ, ಬರುವ ಮುಂಚೆಯೇ ಬದಲಿಸಿ.

ಕೂರುವ ನೋವಿಗೆ ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಹಾಕಿ. ಒಳಗೆ ಬೇರೇನೂ ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಮೆತ್ತಗಿನ ದಪ್ಪ ಸೀಟು ಹಾಕಿಸುವ ಮನಸ್ಸಾದೀತು, ಆದರೆ ದೂರ ಹೋದಷ್ಟೂ ಅದೇ ಜಾಸ್ತಿ ನೋಯಿಸುತ್ತದೆ. ಬೆರಳು ಜೋಮು ಹಿಡಿಯುವುದು ಮೈಭಾರವನ್ನೆಲ್ಲ ಅಂಗೈ ಮೇಲೆ ಹಾಕುವುದರಿಂದ. ಮೊಣಕೈ ಸಡಿಲ ಬಿಡಿ, ಕೆಲವು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಒಂದು ಕೈಯಲ್ಲಿ ಬಾಟಲಿ ತೆಗೆದು ಕುಡಿಯುವುದು, ಪಂಕ್ಚರ್ ಆದರೆ ಟ್ಯೂಬ್ ಬದಲಿಸುವುದು, ಇವೆರಡನ್ನೂ ರೇಸ್‌ಗೆ ಮುಂಚೆ ಕಲಿತಿರಿ.

ಪ್ರಶ್ನೆ: ಸೈಕಲ್ ಇಳಿದು ಓಡಲು ಹೋದರೆ ಕಾಲು ನನ್ನದೇ ಅಲ್ಲ ಅನ್ನಿಸುತ್ತದೆ. ಇದು ಸರಿ ಹೋಗುತ್ತಾ?

ಸರಿ ಹೋಗುತ್ತದೆ. ಅಷ್ಟು ಹೊತ್ತು ಕೂತು, ಬಗ್ಗಿ, ಒಂದೇ ಸುತ್ತಿನಲ್ಲಿ ಕೆಲಸ ಮಾಡಿದ ಸ್ನಾಯುಗಳು ಒಮ್ಮೆಗೇ ನೆಟ್ಟಗೆ ನಿಂತು ಮೈಭಾರ ಹೊರಬೇಕಲ್ಲ. ಸೈಕಲ್ ಮುಗಿಸಿ ಹತ್ತು-ಹದಿನೈದು ನಿಮಿಷ ಓಡುವುದಕ್ಕೆ ಬ್ರಿಕ್ ಅನ್ನುತ್ತಾರೆ. ವಾರಕ್ಕೊಂದು ಮಾಡಿ, ಉದ್ದ ಬೇಡ. ಸೈಕಲ್‌ನ ಕೊನೆಯ ಒಂದೆರಡು ನಿಮಿಷ ಹಗುರ ಗೇರ್‌ನಲ್ಲಿ ತುಳಿಯಿರಿ. ಇಳಿದ ಮೇಲೆ ಹೆಜ್ಜೆ ಚಿಕ್ಕದಿರಲಿ, ಚುರುಕಾಗಿರಲಿ.

ಆ ಹೊತ್ತಿನಲ್ಲಿ ನಿಮ್ಮ ಅಂದಾಜು ನಂಬಬೇಡಿ. ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ಆಮೆನಡಿಗೆ ಅನ್ನಿಸುತ್ತದೆ. ವಾಚ್ ನೋಡಿದರೆ ನಿಮ್ಮ ಮಾಮೂಲಿಗಿಂತ ಜೋರಾಗಿ ಹೋಗುತ್ತಿರುತ್ತೀರಿ. ಮೊದಲ ಕಿಲೋಮೀಟರ್ ಬೇಕಂತಲೇ ತಡೆದು ಓಡಿ.

ಪ್ರಶ್ನೆ: ಓಟ ಕೊನೆಗೇ ಯಾಕೆ? ನಮ್ಮಂಥವರಿಗೆ ಮೊದಲೇ ಇಟ್ಟಿದ್ದರೆ ಒಳ್ಳೇದಿತ್ತು!

ಇಟ್ಟಿದ್ದರು! 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇನಲ್ಲಿ ನಡೆದ ಟ್ರಯಾಥ್ಲಾನ್‌ನಲ್ಲಿ ಮೊದಲು ಓಟವೇ ಇತ್ತು. ಅದನ್ನು ನಡೆಸಿದ್ದೂ ಓಟಗಾರರ ಕ್ಲಬ್ಬೇ. ಈಗಿನ ಕ್ರಮದಲ್ಲಿ ಈಜು ಮೊದಲಿರುವುದು ಒಳ್ಳೆಯದೇ. ದಣಿದವರು ಓಟದಲ್ಲಿ ನಡೆಯಬಹುದು, ನೀರಿನಲ್ಲಿ ಹಾಗಾಗುವುದಿಲ್ಲ. ಈ ಕ್ರಮದಲ್ಲೇ 2000ರ ಸಿಡ್ನಿ ಒಲಿಂಪಿಕ್ಸ್‌ಗೂ ಟ್ರಯಾಥ್ಲಾನ್ ಸೇರಿತು. ಅಲ್ಲಿನ ದೂರ ಸ್ಪ್ರಿಂಟ್‌ನ ಎರಡರಷ್ಟು.

ಪ್ರಶ್ನೆ: ನಾನು 41 ವರ್ಷದ ಮಹಿಳೆ. ಪೂಲ್‌ನಲ್ಲಿ 800 ಮೀಟರ್ ಈಜುತ್ತೇನೆ. ಆದರೆ ರೇಸ್ ಇರುವುದು ಕೆರೆಯಲ್ಲಿ. ತಳ ಕಾಣದ ನೀರು ನೆನೆದರೇ ಎದೆ ಡವಗುಟ್ಟುತ್ತದೆ.

ಮೇಡಂ, ಎಷ್ಟೋ ವರ್ಷ ಈಜಿದವರಿಗೂ ತೆರೆದ ನೀರಿನಲ್ಲಿ ಹೀಗಾಗುತ್ತದೆ. ರೇಸ್ ದಿನವೇ ಮೊದಲ ಸಲ ಇಳಿಯಬೇಡಿ. ಈಜಲು ಅನುಮತಿ ಇರುವ ಕಡೆ, ಗೊತ್ತಿರುವವರ ಜೊತೆ ಮುಂಚೆಯೇ ಕೆಲವು ಸಲ ಹೋಗಿ. ಒಬ್ಬರೇ ಮಾತ್ರ ಬೇಡವೇ ಬೇಡ. ಎದ್ದು ಕಾಣುವ ಬಣ್ಣದ ಟೋಪಿ ಹಾಕಿ, ಸೊಂಟಕ್ಕೆ ಕಟ್ಟುವ ತೇಲುಚೀಲ ಇರಲಿ.

ಇಳಿದ ತಕ್ಷಣ ಈಜಬೇಡಿ. ಮುಖ ತೋಯಿಸಿ, ನಿಂತಲ್ಲೇ ಗುಳ್ಳೆ ಬಿಡಿ. ತಣ್ಣೀರು ಮೈಗೆ ತಾಗಿದಾಗ ಉಸಿರು ತಾನಾಗಿ ಜೋರಾಗುತ್ತದೆ, ಸ್ವಲ್ಪ ಹೊತ್ತಿಗೆ ಹದಕ್ಕೆ ಬರುತ್ತದೆ. ಗೆರೆ ಇಲ್ಲದ ಕಡೆ ದಾರಿ ತಪ್ಪದಿರಲು ಏಳೆಂಟು ಕೈಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ತಂದು ಎದುರಿನ ಗುರುತು ನೋಡಿ. ಇದನ್ನು ಪೂಲ್‌ನಲ್ಲೇ ಅಭ್ಯಾಸ ಮಾಡಬಹುದು. ರೇಸ್ ಶುರುವಾಗುವಾಗ ಗುಂಪಿನ ಹಿಂದೆ ಅಥವಾ ಪಕ್ಕದಲ್ಲಿ ನಿಲ್ಲಿ. ಮಧ್ಯದಲ್ಲಿ ಸಿಕ್ಕಿಕೊಂಡರೆ ಮುಖಕ್ಕೆ ಒದೆತ ಬೀಳುತ್ತದೆ. ಗಾಬರಿಯಾದರೆ ಅಂಗಾತ ಮಲಗಿ ತೇಲಿ, ಬ್ರೆಸ್ಟ್‌ಸ್ಟ್ರೋಕ್ ಮಾಡಿ. ಯಾವ ಶೈಲಿಯಲ್ಲಿ ಈಜಿದರೂ ನಡೆಯುತ್ತದೆ. ಕಾವಲು ದೋಣಿ ಹಿಡಿದು ಸುಧಾರಿಸಿಕೊಳ್ಳಲೂ ಸಾಮಾನ್ಯವಾಗಿ ಬಿಡುತ್ತಾರೆ. ಅದರಿಂದ ಮುಂದೆ ಸಾಗಬಾರದು, ಅಷ್ಟೆ.

ಒಂದನ್ನು ಮಾತ್ರ ಗಾಬರಿ ಅಂತ ತಳ್ಳಿಹಾಕಬೇಡಿ. ಈಜುವಾಗ ನಿಲ್ಲದ ಕೆಮ್ಮು, ಎದೆ ಗೊರಗುಟ್ಟುವುದು, ನಸುಗೆಂಪು ನೊರೆಯ ಕಫ, ಎದೆನೋವು, ಇವುಗಳಲ್ಲಿ ಯಾವುದೇ ಬಂದರೂ ಕೈ ಎತ್ತಿ ಸಹಾಯ ಕೇಳಿ, ನೀರಿನಿಂದ ಹೊರಗೆ ಬನ್ನಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ರಕ್ತದೊತ್ತಡ ಇರುವವರು ತಯಾರಿ ಶುರು ಮಾಡುವ ಮುಂಚೆಯೇ ಒಮ್ಮೆ ತೋರಿಸಿಕೊಂಡರೆ ಒಳ್ಳೆಯದು.

ಪ್ರಶ್ನೆ: ಈಜು ಮುಗಿಸಿ ಸೈಕಲ್ ಹತ್ತುವ ಜಾಗದಲ್ಲಿ ಏನೇನು ನೆನಪಿರಬೇಕು?

ಹೆಲ್ಮೆಟ್. ಮೊದಲು ತಲೆಗೆ ಹಾಕಿ ಪಟ್ಟಿ ಬಿಗಿಯಿರಿ, ಆಮೇಲೆ ಸ್ಟ್ಯಾಂಡ್‌ನಿಂದ ಸೈಕಲ್ ತೆಗೆಯಿರಿ. ವಾಪಸ್ ಬಂದಾಗ ಉಲ್ಟಾ: ಸೈಕಲ್ ಸ್ಟ್ಯಾಂಡ್‌ಗೆ ಹಾಕುವವರೆಗೂ ಪಟ್ಟಿ ಬಿಚ್ಚಬಾರದು. ಇದರಲ್ಲಿ ತಪ್ಪಿದರೆ ದಂಡವಾಗಿ ಸಮಯ ಹೋಗುತ್ತದೆ. ಸೈಕಲ್ ಹತ್ತಲು ನೆಲದ ಮೇಲೆ ಗುರುತು ಮಾಡಿರುವ ಗೆರೆ ದಾಟುವವರೆಗೆ ಅದನ್ನು ತಳ್ಳಿಕೊಂಡೇ ಹೋಗಿ, ಆಮೇಲೆ ಹತ್ತಿ. ಹವ್ಯಾಸಿಗಳ ರೇಸ್‌ಗಳಲ್ಲಿ ಮುಂದಿನವರ ಹಿಂದೆಯೇ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದಕ್ಕೆ ಹೆಚ್ಚಿನ ಕಡೆ ಬಿಡುವುದಿಲ್ಲ. ಎಷ್ಟು ಅಂತರ ಇರಬೇಕು ಅಂತ ನಿಯಮದ ಹಾಳೆಯಲ್ಲಿ ಓದಿಕೊಳ್ಳಿ. ಶೂಗೆ ಗಂಟು ಹಾಕುವ ಲೇಸ್ ಬದಲು ಎಲಾಸ್ಟಿಕ್ ಲೇಸ್ ಹಾಕಿ, ಅದೇ ಶೂನಲ್ಲಿ ಒಂದೆರಡು ಬ್ರಿಕ್ ಮುಗಿಸಿರಿ. ಮತ್ತೆ, ಬೆಳಿಗ್ಗೆ ಸೈಕಲ್ ನಿಲ್ಲಿಸುವಾಗಲೇ ಅದನ್ನು ಹಗುರ ಗೇರ್‌ಗೆ ಹಾಕಿಟ್ಟಿರಿ.