ಜಿಗಿದಾಗ ಮೂತ್ರ ಸೋರುತ್ತದೆ, ವಾಲಿಬಾಲ್ ಬಿಡಬೇಕೇ?

ನಿಮಗೆ 20 ವರ್ಷ, ಹೆರಿಗೆ ಆಗಿಲ್ಲ, ಸ್ಮ್ಯಾಷ್‌ಗೆ ಜಿಗಿದು ಇಳಿಯುವಾಗ ಮೂತ್ರ ಸೋರುತ್ತದೆ. ಅದಕ್ಕಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೀರಿ, ಆಟ ಬಿಡಬೇಕೇ ಎಂದು ಕೇಳಿದ್ದೀರಿ.

ಬಿಡಬೇಡಿ. ಇದು ಹೆತ್ತವರಿಗೆ, ವಯಸ್ಸಾದವರಿಗೆ ಮಾತ್ರ ಬರುವ ತೊಂದರೆ ಅಲ್ಲ. ಸ್ವೀಡನ್ನಿನ ಉನ್ನತ ಮಟ್ಟದ ಟ್ರ್ಯಾಂಪೊಲಿನ್ (ಚಿಮ್ಮುವ ಹಾಸಿನ ಮೇಲೆ ಜಿಗಿಯುವ ಆಟ) ಆಟಗಾರ್ತಿಯರ ಬಗ್ಗೆ 2002ರಲ್ಲಿ ಬಂದ ಅಧ್ಯಯನದಲ್ಲಿ 80% ಹುಡುಗಿಯರಿಗೆ ಅಭ್ಯಾಸದ ವೇಳೆ ಸೋರುತ್ತಿತ್ತು. ಅವರಲ್ಲಿ ಒಬ್ಬರಿಗೂ ಹೆರಿಗೆ ಆಗಿರಲಿಲ್ಲ.

ಪಾದ ನೆಲಕ್ಕೆ ಬಡಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಮೂತ್ರಕೋಶದ ಮೇಲೆ ಬೀಳುತ್ತದೆ. ಅದನ್ನು ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳು ಆ ಹೊಡೆತಕ್ಕೆ ಮುಂಚೆಯೇ ಬಿಗಿಯಾಗಬೇಕು. ಕ್ಷಣ ತಡವಾದರೂ, ದಣಿದಿದ್ದರೂ ಸೋರುತ್ತದೆ. ಮೊದಲ ಸೆಟ್‌ನಲ್ಲಿ ಇಲ್ಲದ್ದು ಮೂರನೆಯದರಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ.

ನೀರು ಬಿಟ್ಟರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆ ಬರುತ್ತದೆ, ತಿಣುಕಿ ತಿಣುಕಿ ಅದೇ ಸ್ನಾಯುಗಳು ಇನ್ನಷ್ಟು ಸೋಲುತ್ತವೆ. ಪ್ರತಿ ಸೆಟ್‌ಗೂ ಮುಂಚೆ ‘ಇರಲಿ’ ಎಂದು ಟಾಯ್ಲೆಟ್‌ಗೆ ಓಡುವುದೂ ಒಳ್ಳೆಯದಲ್ಲ. ಮೂರು ದಿನ ಅಳತೆಯ ಮಗ್‌ನಲ್ಲಿ ಮೂತ್ರ ಹಿಡಿದು ಬರೆದಿಡಿ. ಒಂದು ಸಲಕ್ಕೆ 250–400 ಮಿ.ಲೀ. ಬರಬೇಕು, ಪ್ರತಿ ಸಲವೂ 100ಕ್ಕಿಂತ ಕಡಿಮೆಯಾದರೆ ಮೂತ್ರಕೋಶ ತುಂಬುವ ಮೊದಲೇ ಅವಸರಪಡುವುದನ್ನು ಕಲಿತಿದೆ ಎಂದು ತಿಳಿಯಿರಿ.

ಇನ್ನು ವ್ಯಾಯಾಮ. ಮಂಡಿ ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಹೂಸು ಬರದಂತೆ ತಡೆಯುತ್ತೇವಲ್ಲ, ಹಾಗೆ ಗುದದ್ವಾರವನ್ನು ಒಳಕ್ಕೆಳೆದುಕೊಂಡು, ಆ ಎಳೆತವನ್ನು ಮೂತ್ರದ್ವಾರದವರೆಗೆ ತನ್ನಿ. 6–8 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 8–12 ಸಲ, ದಿನಕ್ಕೆ ಮೂರು ಸುತ್ತು. ಶುರುವಿನಲ್ಲಿ 3 ಸೆಕೆಂಡ್ ಮಾತ್ರ ನಿಂತರೆ ಅಲ್ಲಿಂದಲೇ ಏರಿಸುತ್ತಾ ಹೋಗಿ. ಪೃಷ್ಠ, ತೊಡೆ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಹಲವರು ತಪ್ಪುವುದು ಒಂದು ಕಡೆ: ಮೇಲಕ್ಕೆಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ. ಕೈಗನ್ನಡಿ ಹಿಡಿದು ನೋಡಿ, ಯೋನಿಗೂ ಗುದಕ್ಕೂ ನಡುವಿನ ಜಾಗ ಒಳಗೆ ಹೋಗಬೇಕು, ಉಬ್ಬಬಾರದು. ಮೂತ್ರ ಮಾಡುತ್ತಾ ನಡುವೆ ತಡೆಯುವುದನ್ನು ವ್ಯಾಯಾಮವಾಗಿ ಮಾಡಬೇಡಿ, ಮೂತ್ರ ಒಳಗೇ ಉಳಿಯಬಹುದು.

ಮಲಗಿ ಸಲೀಸಾದ ಮೇಲೆ ಕುಳಿತು, ನಿಂತು ಮಾಡಿ. ಕೆಮ್ಮುವ ಮುಂಚೆ ಬಿಗಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ನಂತರ ಸ್ಕ್ವಾಟ್, ಸಣ್ಣ ಜಿಗಿತ, ಕೊನೆಗೆ ಬ್ಲಾಕ್. ಜಿಮ್‌ನಲ್ಲಿ ಭಾರ ಎತ್ತುವಾಗ ಉಸಿರು ಬಿಡುತ್ತಾ ಎತ್ತಿ. ಮೂರು ತಿಂಗಳು ಬಿಡದೆ ಮಾಡಿ. ಎರಡು ವಾರಕ್ಕೆ ಫಲ ಕಾಣಲಿಲ್ಲ ಎಂದು ಬಿಟ್ಟವರೇ ಜಾಸ್ತಿ, ಅದೇ ಬೇಸರ.

ಅಲ್ಲಿಯವರೆಗೆ ಮುಟ್ಟಿನ ಪ್ಯಾಡ್ ಬದಲು ಮೂತ್ರಕ್ಕೆಂದೇ ಸಿಗುವ ತೆಳು ಪ್ಯಾಡ್ ಬಳಸಿ. ಅದು ಬೇಗ ಹೀರುತ್ತದೆ, ತೊಡೆ ಸಂದಿ ಕೆಂಪಾಗುವುದು ಕಡಿಮೆ. ಕಪ್ಪು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಜಿಗಿತ ತಪ್ಪಿಸಿ ಹಿಂದಿನ ಸಾಲಿನಲ್ಲೇ ಅಡಗಿಕೊಳ್ಳುವ ಸ್ಥಿತಿ ನಿಮಗೆ ಬೇಡ.

ಉರಿ, ರಕ್ತ, ಜ್ವರ ಇದ್ದರೆ ಮೊದಲು ಡಾಕ್ಟರನ್ನು ನೋಡಿ. ಎರಡು ಕಾಲುಗಳ ನಡುವೆ ಮರಗಟ್ಟಿದರೆ ಅದೇ ದಿನ. ಮುಟ್ಟು ನಿಂತಿದ್ದರೆ ಊಟ ಸಾಲುತ್ತಿಲ್ಲವೇನೋ ಎಂದೂ ನೋಡಿಸಿ. ಟ್ಯಾಂಪನ್ (ಮುಟ್ಟಿನಲ್ಲಿ ಯೋನಿಯೊಳಗೆ ಇಡುವ ಹತ್ತಿಯ ಸುರುಳಿ) ಹಾಕುವಾಗ ನೋವು, ಮೂತ್ರ ಹೊರಡಲು ತಡವಾಗುವುದು ಇದ್ದರೆ ಸ್ನಾಯುಗಳು ಈಗಾಗಲೇ ಬಿಗಿದಿರಬಹುದು. ಆಗ ಈ ವ್ಯಾಯಾಮ ತೊಂದರೆ ಹೆಚ್ಚಿಸುತ್ತದೆ, ಮೊದಲು ಸಡಿಲಿಸುವುದನ್ನು ಕಲಿಯಬೇಕು.

ಪೆಲ್ವಿಕ್ ಫ್ಲೋರ್ ಚಿಕಿತ್ಸೆ ಬಲ್ಲ ಫಿಸಿಯೋಥೆರಪಿಸ್ಟ್ ಸಿಕ್ಕರೆ ಒಮ್ಮೆ ತೋರಿಸಿ. ಒಳಪರೀಕ್ಷೆ ಬೇಡ ಎನಿಸಿದರೆ ಹಾಗೆಂದೇ ಹೇಳಿ. ಕಿಬ್ಬೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರೂ, ನೀವು ಬಿಗಿ ಹಿಡಿದಾಗ ಮೂತ್ರಕೋಶದ ತಳ ಮೇಲೇಳುವುದು ಪರದೆಯ ಮೇಲೆ ನಿಮಗೇ ಕಾಣಿಸುತ್ತದೆ.